ಕೇಸು ಬಿದ್ದುಹೋದರೂ ಜಾಮೀನಿನ ಹಣ ಏಕೆ ವಾಪಸ್ ಬರಲಿಲ್ಲ?

ಪತ್ರ: ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗನನ್ನು ಜಗಳವೊಂದರ ದೂರಿನ ಮೇಲೆ ಪೊಲೀಸರು ಹಿಡಿದೊಯ್ದರು. ಜಾಮೀನು 50,000 ಡಾಲರ್ ಎಂದರು. ಅವನ ಗೆಳೆಯ ಬೇಲ್ ಏಜೆಂಟ್ ಒಬ್ಬರಿಗೆ 5,000 ಡಾಲರ್ ಕಟ್ಟಿ ಬಿಡಿಸಿದ. ಎರಡು ತಿಂಗಳಲ್ಲಿ ಕೇಸೇ ಬಿದ್ದುಹೋಯಿತು. ಏಜೆಂಟ್ ಮಾತ್ರ ಒಂದು ಡಾಲರನ್ನೂ ಹಿಂತಿರುಗಿಸುತ್ತಿಲ್ಲ. ಇದು ಮೋಸವಲ್ಲವೇ? ಇನ್ನೊಬ್ಬರಿಗೆ ಹೀಗಾದರೆ ಹತ್ತಿರದಲ್ಲೇ ನಂಬಿಕಸ್ಥ ಏಜೆಂಟರನ್ನು ಹುಡುಕುವುದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೋಸವಲ್ಲ. ಆ ಗೆಳೆಯ ಕಟ್ಟಿದ್ದು ಏಜೆಂಟರ ಶುಲ್ಕ. ವಿಮೆಯ ಕಂತು ಕಟ್ಟಿ ವರ್ಷವಿಡೀ ಅಪಘಾತವಾಗಲಿಲ್ಲವೆಂದು ಕಂತು ವಾಪಸ್ ಕೇಳುವುದಿಲ್ಲವಲ್ಲ, ಹಾಗೆ. ಹೋಲಿಕೆಗೆಂದು ಹೇಳಿದ ಮಾತಲ್ಲ ಇದು. ಬೇಲ್ ಏಜೆಂಟರ ಹಿಂದೆ ನಿಲ್ಲುವುದು ವಿಮಾ ಕಂಪನಿಯೇ, ಕ್ಯಾಲಿಫೋರ್ನಿಯಾದಲ್ಲಿ ಅವರಿಗೆ ಲೈಸೆನ್ಸ್ ಕೊಡುವುದೂ ರಾಜ್ಯದ ವಿಮಾ ಇಲಾಖೆಯೇ.

ನಮ್ಮಲ್ಲಿ ಜಾಮೀನು ಎಂದರೆ ಪಹಣಿ ಹಿಡಿದು ಕೋರ್ಟಿಗೆ ಬರುವ ಭಾವನೋ ಚಿಕ್ಕಪ್ಪನೋ ಕಣ್ಣಮುಂದೆ ಬರುತ್ತಾರೆ. ಅವರು ಹಣ ಪಡೆಯುವುದಿಲ್ಲ, ಪಡೆಯಲೂ ಬಾರದು. ‘ನೀನು ಜಾಮೀನು ನಿಲ್ಲು, ನಷ್ಟವಾದರೆ ನಾನು ತುಂಬಿಕೊಡುತ್ತೇನೆ’ ಎಂಬ ಕರಾರು ಭಾರತದ ಕಾನೂನಿನಲ್ಲಿ ಅಸಿಂಧು. ಅಮೆರಿಕದಲ್ಲಿ ಅದೇ ಕರಾರಿನ ಮೇಲೆ ಒಂದು ಉದ್ಯಮವೇ ನಿಂತಿದೆ. ಹೀಗೆ ಹಣಕ್ಕೆ ಜಾಮೀನು ನಿಲ್ಲುವ ಉದ್ಯಮ ಅಮೆರಿಕ ಮತ್ತು ಫಿಲಿಪೀನ್ಸ್ ಬಿಟ್ಟರೆ ಬೇರೆಡೆ ಇಲ್ಲವೆಂದೇ ಹೇಳಬೇಕು. ಅಮೆರಿಕದೊಳಗೂ ಎಲ್ಲೆಡೆ ಇಲ್ಲ: ಕೆಂಟಕಿ, ಆರೆಗನ್, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಏಜೆಂಟರಿಗೆ ಜಾಗವಿಲ್ಲ. ಇಲಿನಾಯ್ 2023ರ ಸೆಪ್ಟೆಂಬರ್ 18ರಿಂದ ಹಣದ ಜಾಮೀನನ್ನೇ ಕೈಬಿಟ್ಟಿದೆ. ಷಿಕಾಗೋದಲ್ಲಿ ಬಂಧನವಾದವರ ಮನೆಯವರಿಗೆ ಯಾರಾದರೂ ‘ಬೇಲ್ ಬಾಂಡ್ (ಏಜೆಂಟರು ಹಣ ಪಡೆದು ಬರೆದುಕೊಡುವ ಜಾಮೀನು ಪತ್ರ) ಮಾಡಿಸುತ್ತೇನೆ’ ಎಂದು ಫೋನ್ ಮಾಡಿದರೆ ಅದೇ ಮೋಸ.

ಕ್ಯಾಲಿಫೋರ್ನಿಯಾದ ಲೆಕ್ಕಕ್ಕೆ ಬರೋಣ. 50,000 ಡಾಲರ್ ಪೂರ್ತಿ ಕೋರ್ಟಿಗೇ ಕಟ್ಟಿದ್ದರೆ, ಆರೋಪಿ ಪ್ರತಿ ವಾಯಿದೆಗೂ ಹಾಜರಾದ ಮೇಲೆ, ತೀರ್ಪು ಏನೇ ಬರಲಿ, ಹಣ ವಾಪಸ್ ಬರುತ್ತಿತ್ತು. ಅಷ್ಟು ಹಣ ರಾತ್ರೋರಾತ್ರಿ ಹೊಂದುವುದಿಲ್ಲವಾದ್ದರಿಂದ ಏಜೆಂಟರು ಬರುತ್ತಾರೆ. ಸಾಮಾನ್ಯ ದರ ಶೇ. 10. ಖಾಸಗಿ ವಕೀಲರನ್ನು ಇಟ್ಟುಕೊಂಡವರಿಗೆ ಶೇ. 8ಕ್ಕೆ ಮಾಡಿಕೊಡುವವರೂ ಇದ್ದಾರೆ, ಕೇಳಬೇಕು. ದರವನ್ನು ಮೊದಲೇ ವಿಮಾ ಇಲಾಖೆಗೆ ಸಲ್ಲಿಸಿರಬೇಕು, ಬಾಯಿಗೆ ಬಂದಷ್ಟು ಕೇಳುವಂತಿಲ್ಲ. ಕೇಸು ವರ್ಷ ದಾಟಿದರೆ ಮತ್ತೊಂದು ಕಂತು ಕೇಳುವ ಷರತ್ತು ಹಿಂದೆ ಕರಾರಿನಲ್ಲಿ ಇರುತ್ತಿತ್ತು, 2022ರಿಂದ ಮಾಡಿದ ಕರಾರುಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಸಹಿಗೆ ಮುಂಚೆ ಅಂಥ ಸಾಲು ಇಲ್ಲವೆಂದು ಓದಿ ಖಚಿತಪಡಿಸಿಕೊಳ್ಳಬೇಕು.

ಹೆಚ್ಚಿನ ಅಪಾಯ ಇರುವುದು ಸಹಿಯಲ್ಲೇ. ಆ ಗೆಳೆಯ 5,000 ಡಾಲರಿಗಷ್ಟೇ ಹೊಣೆಯಾಗಿರಲಿಲ್ಲ, ಇಡೀ 50,000 ಡಾಲರಿಗೆ ಹೊಣೆಯಾಗಿದ್ದ. ಆರೋಪಿ ಒಂದು ವಾಯಿದೆ ತಪ್ಪಿಸಿದರೆ ನ್ಯಾಯಾಧೀಶರು ವಾರಂಟ್ ಹೊರಡಿಸಿ ಬಾಂಡನ್ನು ಮುಟ್ಟುಗೋಲು ಹಾಕುತ್ತಾರೆ. ಅಲ್ಲಿಂದ ಸುಮಾರು 180 ದಿನ ಏಜೆಂಟರಿಗೆ ಕಾಲಾವಕಾಶ. ಅಷ್ಟರೊಳಗೆ ಆರೋಪಿಯನ್ನು ಕೋರ್ಟಿಗೆ ತರದಿದ್ದರೆ ವಿಮಾ ಕಂಪನಿ ಪೂರ್ತಿ ಮೊತ್ತ ಕಟ್ಟಿ, ಅದನ್ನು ಸಹಿ ಹಾಕಿದವನಿಂದ ವಸೂಲು ಮಾಡುತ್ತದೆ. ಹುಡುಕಿಸಿದ ಖರ್ಚೂ ಅವನ ತಲೆಗೇ. ಊರಿನ ಸೈಟಿನ ಪತ್ರ ಇಟ್ಟುಕೊಳ್ಳಿ ಎಂದರೆ ಅಲ್ಲಿನ ಏಜೆಂಟರು ಒಪ್ಪುವುದು ಕಷ್ಟ, ಅಮೆರಿಕದಲ್ಲಿ ಸಂಬಳದ ಚೀಟಿ ತೋರಿಸಬಲ್ಲವರೇ ಸಹಿಗೆ ಬೇಕಾಗುತ್ತಾರೆ. ಆದ್ದರಿಂದ ಸಹಿ ಹಾಕುವ ಗೆಳೆಯ ಮಾಡುವುದು ಸಣ್ಣ ಉಪಕಾರವಲ್ಲ.

ಏಜೆಂಟರನ್ನು ಹುಡುಕುವ ಮುನ್ನ ಅವರು ಬೇಕೇ ಎಂದು ನೋಡುವುದು ಒಳ್ಳೆಯದು. ಭಾನುವಾರ ಮತ್ತು ರಜೆಗಳನ್ನು ಬಿಟ್ಟು 48 ಗಂಟೆಯೊಳಗೆ ಆರೋಪಿಯನ್ನು ನ್ಯಾಯಾಧೀಶರ ಮುಂದೆ ತರಬೇಕು. ಪೊಲೀಸರು ಮೊದಲು ಹೇಳುವ ಮೊತ್ತ ಆಯಾ ಕೌಂಟಿಯ (ಅಲ್ಲಿನ ಜಿಲ್ಲೆಯ) ದರಪಟ್ಟಿಯದು. ನ್ಯಾಯಾಧೀಶರು ಅದನ್ನು ಇಳಿಸಬಹುದು, ಬರೀ ಮುಚ್ಚಳಿಕೆ ಬರೆಸಿಕೊಂಡೂ ಬಿಡಬಹುದು. ಆರೋಪಿಗೆ ಎಷ್ಟು ಕಟ್ಟುವ ಶಕ್ತಿಯಿದೆ ಎಂಬುದನ್ನೂ ಪರಿಗಣಿಸಬೇಕೆಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಸರ್ಕಾರಿ ವಕೀಲರು ಆರೋಪವನ್ನೇ ಸಲ್ಲಿಸದೆ ಬಿಡುವುದೂ ಉಂಟು. ಶುಕ್ರವಾರ ರಾತ್ರಿ 5,000 ಡಾಲರ್ ಕಟ್ಟಿ, ಮಂಗಳವಾರ ‘ಆರೋಪವಿಲ್ಲ’ ಎನಿಸಿಕೊಂಡವರಿಗೆ ಮೂರು ರಾತ್ರಿಯ ನಿದ್ದೆ ಬಿಟ್ಟರೆ ಬೇರೇನೂ ದಕ್ಕುವುದಿಲ್ಲ. ಹಾಗೆಂದು ಕಾಯಿರಿ ಎಂದೂ ಸುಲಭವಾಗಿ ಹೇಳಲಾರೆವು, ಒಳಗಿರುವವನ ಕೆಲಸ, ಔಷಧಿ, ಮನೆಯ ಮಕ್ಕಳು ಎಲ್ಲ ಲೆಕ್ಕಕ್ಕೆ ಬರುತ್ತವೆ. ಮೊದಲ ಫೋನ್ ಮಾತ್ರ ಕ್ರಿಮಿನಲ್ ವಕೀಲರಿಗೆ ಹೋಗಬೇಕು.

ವೀಸಾದ ಮೇಲೆ ಇರುವವರಿಗೆ ವಲಸೆ ಕಾನೂನಿನ ವಕೀಲರೂ ಅದೇ ದಿನ ಬೇಕು. ವಲಸೆ ಇಲಾಖೆ ತನಗೊಪ್ಪಿಸಿ ಎಂದು ಜೈಲಿಗೆ ಕೋರಿಕೆ ಕಳಿಸಿದ್ದರೆ, ಬಾಂಡ್ ಕಟ್ಟಿದ ಕೂಡಲೇ ಮನೆಗೆ ಬರುವ ಬದಲು ಆ ಇಲಾಖೆಯ ಕೈಗೆ ಹೋಗುವ ಸಂಭವವಿದೆ. ವಲಸೆ ಇಲಾಖೆಯ ಬಾಂಡ್ ಬೇರೆ, ಕನಿಷ್ಠ 1,500 ಡಾಲರ್, ಕೌಂಟಿ ಜೈಲಿಗೆ ಕಟ್ಟಿದ್ದು ಅಲ್ಲಿ ನಡೆಯದು. ಭಾರತೀಯ ಕಾನ್ಸುಲೇಟಿಗೆ ತಿಳಿಸಿ ಎಂದು ಬಂಧಿತನೇ ಕೇಳಿಕೊಳ್ಳಬೇಕು, ತಾನಾಗಿ ತಿಳಿಸುವ ಕಡ್ಡಾಯ ಭಾರತೀಯರ ವಿಷಯದಲ್ಲಿ ಇಲ್ಲ. ಕಾನ್ಸುಲೇಟ್ ಜಾಮೀನಿನ ಹಣ ಕೊಡುವುದಿಲ್ಲ.

ಹೆಸರಿನ ತೊಡಕು ನಮ್ಮವರಿಗೇ ವಿಶೇಷ. ಜೈಲಿನ ಜಾಲತಾಣದಲ್ಲಿ ಹುಡುಕಿದರೆ ‘ಸಿಗುತ್ತಿಲ್ಲ’ ಎಂದು ಗಾಬರಿಯಾಗುವವರು, ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಮೂರನ್ನೂ ಅದಲುಬದಲು ಮಾಡಿ ನೋಡಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರು ಅಮೆರಿಕದ ದಾಖಲೆಗಳಲ್ಲಿ ‘ಎಫ್‌ಎನ್‌ಯು’ (‘ಮೊದಲ ಹೆಸರು ಗೊತ್ತಿಲ್ಲ’ ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂಬ ಮೊದಲ ಹೆಸರಿನಡಿ ಇರುವುದು ಸಾಮಾನ್ಯ. ಸಿಕ್ಕಿದ ಮೇಲೆ ಬುಕಿಂಗ್ ಸಂಖ್ಯೆ, ಎಂದರೆ ಜೈಲಿಗೆ ದಾಖಲಿಸುವಾಗ ಕೊಟ್ಟ ಸಂಖ್ಯೆ, ಬರೆದುಕೊಳ್ಳಿ. ಏಜೆಂಟರು ಮೊದಲು ಕೇಳುವುದು ಅದನ್ನು, ಆಮೇಲೆ ಜನ್ಮದಿನಾಂಕ, ಯಾವ ಜೈಲು, ಜಾಮೀನಿನ ಮೊತ್ತ.

ಇನ್ನು ಏಜೆಂಟರ ಆಯ್ಕೆ. ಹೆಸರು ಮತ್ತು ಲೈಸೆನ್ಸ್ ಸಂಖ್ಯೆ ಕೇಳಿ, ವಿಮಾ ಇಲಾಖೆಯ ಜಾಲತಾಣದಲ್ಲಿ ಅದು ಚಾಲ್ತಿಯಲ್ಲಿದೆಯೇ ನೋಡುವುದು ಎರಡು ನಿಮಿಷದ ಕೆಲಸ. ಆ ಜೈಲಿನ ಆಸುಪಾಸಿನಲ್ಲೇ ಕಚೇರಿ ಇರುವವರಾದರೆ ಬಾಂಡ್ ಬೇಗ ತಲುಪುತ್ತದೆ. ತಲುಪಿದ ಮೇಲೂ ದೊಡ್ಡ ಜೈಲುಗಳಲ್ಲಿ ಬಿಡುಗಡೆಗೆ ಅರ್ಧ ದಿನ ಹಿಡಿಯಬಹುದು, ಅದಕ್ಕೆ ಏಜೆಂಟರನ್ನು ಬೈದು ಫಲವಿಲ್ಲ. ‘ಇಂಥ ವಕೀಲರನ್ನೇ ಹಿಡಿಯಿರಿ’ ಎನ್ನುವುದು ಅಲ್ಲಿನ ಏಜೆಂಟರಿಗೆ ನಿಷಿದ್ಧ, ಹಾಗೆ ಹೇಳಿದರೆ ಬೇರೆಯವರನ್ನು ನೋಡಿಕೊಳ್ಳಿ. ಗಿಫ್ಟ್ ಕಾರ್ಡಿನಲ್ಲೋ ಕ್ರಿಪ್ಟೋದಲ್ಲೋ ಹಣ ಕೇಳಿದರೆ, ‘ಯಾರಿಗೂ ಹೇಳಬೇಡಿ’ ಎಂದರೆ ಫೋನ್ ಇಟ್ಟುಬಿಡಿ. ಜೈಲಿನ ಫೋನಿನಲ್ಲಿ ಘಟನೆಯ ಬಗ್ಗೆ ಮಾತು ಬೇಡ, ಕನ್ನಡದಲ್ಲಾದರೂ ಬೇಡ: ಕರೆಗಳು ದಾಖಲಾಗುತ್ತವೆ.

ನಿಮ್ಮ ಅಕ್ಕನ ಮಗನ ವಿಷಯದಲ್ಲಿ ಇನ್ನೂ ಎರಡು ಕೆಲಸ ಉಳಿದಿವೆ. ಶುಲ್ಕದ ಜತೆಗೆ ಆ ಗೆಳೆಯ ಕಾರಿನ ಪತ್ರವನ್ನೋ ಹೆಚ್ಚುವರಿ ಹಣವನ್ನೋ ಅಡಮಾನವಾಗಿ ಕೊಟ್ಟಿದ್ದರೆ, ಬಾಂಡಿನ ಹೊಣೆ ತೀರಿತೆಂಬ ಕೋರ್ಟಿನ ಆದೇಶ ತೋರಿಸಿ ಬರವಣಿಗೆಯಲ್ಲಿ ವಾಪಸ್ ಕೇಳಲಿ. ಅದನ್ನು ಏಜೆಂಟರು ಇಟ್ಟುಕೊಳ್ಳುವಂತಿಲ್ಲ, ಕೊಡದಿದ್ದರೆ ವಿಮಾ ಇಲಾಖೆಗೆ ದೂರು ಕೊಡಬಹುದು. ಎರಡನೆಯದು, ಕೇಸು ವಜಾ ಆದ ಆದೇಶದ ದೃಢೀಕೃತ ಪ್ರತಿಯನ್ನು ಕೋರ್ಟಿನ ಕ್ಲರ್ಕ್ ಕಚೇರಿಯಿಂದ ಈಗಲೇ ಪಡೆದಿಡಲಿ. ವೀಸಾ ಅರ್ಜಿಯಲ್ಲಿ ಶಿಕ್ಷೆಯಾಗಿದೆಯೇ ಎಂದಷ್ಟೇ ಅಲ್ಲ, ಎಂದಾದರೂ ಬಂಧನವಾಗಿದೆಯೇ ಎಂದೂ ಕೇಳುತ್ತಾರೆ. ಆತ ಮುಂದಿನ ಬಾರಿ ಊರಿಗೆ ಬಂದು ಸ್ಟಾಂಪಿಂಗ್‌ಗೆ ಹೋಗುವಾಗ ಆ ಪ್ರತಿ ಕೈಯಲ್ಲಿರಬೇಕು.
– ಸಂ.