ಲಾಟಿನ ತೂಕವನ್ನು ಬದಲಿಸುವ ಹಕ್ಕು ಯಾವ ಕ್ಲಾಸಿಗೆ?

ಪ್ರಶ್ನೆ: ಅಡಿಕೆ ವ್ಯಾಪಾರದ ಅಂಗಡಿಯೊಂದಕ್ಕೆ ಜಾವಾದಲ್ಲಿ ತಂತ್ರಾಂಶ ಬರೆಯುತ್ತಿದ್ದೇನೆ. ಚಾಲಿ, ರಾಶಿ ಲಾಟುಗಳ ತೂಕವನ್ನು ತೂಕದ ಕ್ಲಾಸ್ ಮಾತ್ರ ಬದಲಿಸಬೇಕು; ಬಿಲ್ಲು ಮತ್ತು ವರದಿಯ ಕ್ಲಾಸ್‌ಗಳು ಓದಿದರೆ ಸಾಕು. ತೂಕ ಬದಲಿಸುವ ಮೆಥಡ್ಡನ್ನು, ಅಂದರೆ ಸೆಟರನ್ನು, ಪಬ್ಲಿಕ್ ಮಾಡಿದರೆ ಎಲ್ಲರಿಗೂ ತೆರೆದಿರುತ್ತದೆ, ಪ್ರೈವೇಟ್ ಮಾಡಿದರೆ ತೂಕದ ಕ್ಲಾಸಿಗೂ ಸಿಗುವುದಿಲ್ಲ. ಕರೆದ ಕ್ಲಾಸಿನ ಹೆಸರನ್ನು, ಯಾವುದು ಯಾವುದನ್ನು ಕರೆಯಿತೆಂಬ ಪಟ್ಟಿಯಾದ ಸ್ಟ್ಯಾಕ್‌ನಲ್ಲಿ ನೋಡಿ ತಡೆಯಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸ್ಟ್ಯಾಕ್ ನೋಡುವ ದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಅದು ನಿಧಾನ, ಕ್ಲಾಸಿನ ಹೆಸರು ಬದಲಾದ ದಿನವೇ ಕೆಡುತ್ತದೆ, ತಪ್ಪು ಕರೆ ಪ್ರೋಗ್ರಾಂ ಓಡುವಾಗಲಷ್ಟೇ ಸಿಕ್ಕಿಬೀಳುತ್ತದೆ. ಅದನ್ನು ಕಂಪೈಲರ್ ಮೊದಲೇ ತಡೆಯಬೇಕು.

ಐಫೆಲ್ ಭಾಷೆಯಲ್ಲಿ ಒಂದು ಫೀಚರನ್ನು (ಮೆಥಡ್ ಅಥವಾ ಫೀಲ್ಡನ್ನು) ಯಾವ ಕ್ಲಾಸ್‌ಗಳು ಬಳಸಬಹುದೆಂದು ಹೆಸರಿಸಿಯೇ ಬರೆಯಬಹುದು. ಸಿ++ನ ಫ್ರೆಂಡ್ ಕ್ಲಾಸ್ ಒಂದು ಸೆಟರಿಗಷ್ಟೇ ಅಲ್ಲ, ಎಲ್ಲ ಪ್ರೈವೇಟ್ ಸದಸ್ಯಗಳಿಗೂ ಪ್ರವೇಶ ಪಡೆಯುತ್ತದೆ. ಜಾವಾದಲ್ಲಿ ಇವೆರಡೂ ಇಲ್ಲ. ಆದ್ದರಿಂದ ಲಾಟು ಮತ್ತು ತೂಕದ ಕ್ಲಾಸ್‌ಗಳನ್ನು ಒಂದೇ ಪ್ಯಾಕೇಜಿನಲ್ಲಿಟ್ಟು, ಸೆಟರಿನ ಮುಂದೆ ಪಬ್ಲಿಕ್, ಪ್ರೈವೇಟ್ ಯಾವುದನ್ನೂ ಬರೆಯದೆ ಬಿಡಿ, ಆಗ ಅದು ಅದೇ ಪ್ಯಾಕೇಜಿನ ಕ್ಲಾಸುಗಳಿಗಷ್ಟೇ ಸಿಗುತ್ತದೆ; ಬಿಲ್ಲು, ವರದಿಗಳು ಬೇರೆ ಪ್ಯಾಕೇಜಿನಲ್ಲಿರಲಿ. ನಿಮ್ಮ ಅಂಗಡಿಗೆ ಇಷ್ಟು ಸಾಕೆಂದು ನನಗನಿಸುತ್ತದೆ.

ಎರಡನ್ನೂ ಒಂದೇ ಪ್ಯಾಕೇಜಿನಲ್ಲಿಡಲು ಆಗದಿದ್ದರೆ, ತೂಕದ ಕ್ಲಾಸಿನ ಒಳಗೆ 'ಕೀಲಿ' ಎಂಬ ಪಬ್ಲಿಕ್ ಸ್ಟ್ಯಾಟಿಕ್ ಫೈನಲ್ ಕ್ಲಾಸನ್ನು ಬರೆದು ಅದರ ಕನ್‌ಸ್ಟ್ರಕ್ಟರನ್ನು ಪ್ರೈವೇಟ್ ಮಾಡಿ, ಲಾಟಿನ ಸೆಟರು ತೂಕದ ಜೊತೆಗೆ ಆ ಕೀಲಿಯ ಆಬ್ಜೆಕ್ಟನ್ನೂ ಕೇಳುವಂತೆ ಮಾಡಿ. ಕೀಲಿಯ ಹೆಸರು ಎಲ್ಲರಿಗೂ ಗೊತ್ತಿದ್ದರೂ ಅದನ್ನು ಸೃಷ್ಟಿಸುವ ಅಧಿಕಾರ ಹೊರಗಿನ ಕ್ಲಾಸಿಗಷ್ಟೇ, ಅಂದರೆ ತೂಕದ ಕ್ಲಾಸಿಗಷ್ಟೇ, ಇರುತ್ತದೆ. ಇಲ್ಲಿ ಅನೇಕರು ಮರೆಯುವ ಸಂಗತಿಯೊಂದಿದೆ: ಕೀಲಿಯ ಜಾಗದಲ್ಲಿ ನಲ್ (ಯಾವ ಆಬ್ಜೆಕ್ಟೂ ಇಲ್ಲವೆಂಬ ಗುರುತು) ಕೊಟ್ಟರೂ ಕಂಪೈಲರ್ ಒಪ್ಪುತ್ತದೆ. ಆದ್ದರಿಂದ ಸೆಟರಿನ ಮೊದಲ ಸಾಲಿನಲ್ಲೇ ನಲ್ ಪರೀಕ್ಷೆ ಇರಲೇಬೇಕು. ಕೀಲಿಯನ್ನು ಯಾವ ಮೆಥಡ್ಡಿನಿಂದಲೂ ಹೊರಗೆ ಹಿಂದಿರುಗಿಸಬೇಡಿ.

ಇಷ್ಟರ ಮೇಲೂ, ಸೆಟರೇ ಬೇಕೇ ಎಂದು ಯೋಚಿಸಬೇಕೆಂಬುದು ನನ್ನ ಆಗ್ರಹ. ಬೆಳೆಗಾರರ ಹಣ ತೂಕದ ಮೇಲೆ ನಿಂತಿರುವುದರಿಂದ, 'ತೂಕ ದಾಖಲಿಸು' ಎಂಬ ಮೆಥಡ್ ಒಮ್ಮೆ ಮಾತ್ರ ನಡೆದು, ಸೊನ್ನೆ ಅಥವಾ ಋಣ ಸಂಖ್ಯೆಯನ್ನು ತಿರಸ್ಕರಿಸಲಿ; ತಿದ್ದುಪಡಿ ಬೇಕಾದಾಗ ಹಳೆಯ ತೂಕವನ್ನು ಅಳಿಸದೆ, ಕಾರಣದೊಡನೆ ಹೊಸ ದಾಖಲೆ ಸೇರಲಿ.

ಈ ಏರ್ಪಾಡುಗಳೆಲ್ಲ ಪ್ರೋಗ್ರಾಮರುಗಳ ಕೈತಪ್ಪನ್ನು ತಡೆಯುತ್ತವೆಯೇ ಹೊರತು ವಂಚಕರನ್ನಲ್ಲ. ಪ್ರೋಗ್ರಾಂ ಓಡುವಾಗ ಕ್ಲಾಸಿನ ಒಳಭಾಗವನ್ನು ತಲುಪುವ ರಿಫ್ಲೆಕ್ಷನ್ ಎಂಬ ಸೌಲಭ್ಯ ಬಳಸಿ ಪ್ರೈವೇಟ್ ಫೀಲ್ಡನ್ನೂ ಬದಲಿಸಲು ಸಾಧ್ಯವಿದೆ. ಯಾವ ನೌಕರರು ತೂಕ ತಿದ್ದಬಹುದೆಂಬುದನ್ನು ಲಾಗಿನ್ನಿನ ಅನುಮತಿಯಲ್ಲಿ ಮತ್ತು ಡೇಟಾಬೇಸಿನಲ್ಲಿ ಪ್ರತ್ಯೇಕವಾಗಿಯೇ ನಿರ್ಧರಿಸಿ.