ವಸಂತದಲ್ಲಿ ಮಾಗಡಿ ಕೆರೆಯ ದಡದಲ್ಲಿ ಪಕ್ಷಿ ವೀಕ್ಷಣೆ

ಫೆಬ್ರವರಿ ಕೊನೆಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದರೆ ಬಾತುಗಳು ಸಿಗುತ್ತವೆಯೇ, ತಡವಾಯಿತೇ ಎಂದು ಕೇಳಿದ್ದೀರಿ.

ತಡವಾಗಿಲ್ಲ, ಆದರೆ ಮಾರ್ಚ್ ಮುಗಿಯುವವರೆಗೆ ಕಾಯಬೇಡಿ. ಇಲ್ಲಿಗೆ ಪ್ರಸಿದ್ಧಿ ತಂದ ಪಟ್ಟೆತಲೆ ಹೆಬ್ಬಾತುಗಳು ನವೆಂಬರ್ ಸುಮಾರಿಗೆ ಬಂದು, ಬಿಸಿಲು ಬಲಿಯುತ್ತಿದ್ದಂತೆ ಹಿಮಾಲಯವನ್ನು ದಾಟಿ ಟಿಬೆಟ್ ಮತ್ತು ಮಂಗೋಲಿಯಾದ ಸರೋವರಗಳಿಗೆ ಮರಿಮಾಡಲು ಮರಳುತ್ತವೆ. ಬಿಳಿ ತಲೆಯ ಹಿಂಭಾಗದಲ್ಲಿರುವ ಎರಡು ಕಪ್ಪು ಪಟ್ಟೆಗಳಿಂದ ಅವುಗಳನ್ನು ಬರಿಗಣ್ಣಿನಲ್ಲೇ ಗುರುತಿಸಬಹುದು. ರಾತ್ರಿ ಮತ್ತು ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯುವ ಇವು ಬಿಸಿಲೇರಿದ ಮೇಲೆ ನೀರಿನಲ್ಲಿ ವಿಶ್ರಮಿಸುವುದರಿಂದ, ಸೂರ್ಯೋದಯಕ್ಕೆ ಮೊದಲೇ ದಡದಲ್ಲಿದ್ದರೆ ಹಿಂಡುಹಿಂಡಾಗಿ ಕೂಗುತ್ತ ಕೆರೆಗಿಳಿಯುವ ದೃಶ್ಯ ಕಾಣಸಿಗುತ್ತದೆ. ನನ್ನ ಮಟ್ಟಿಗೆ ಆ ಅರ್ಧ ಗಂಟೆಯೇ ಇಡೀ ಪ್ರವಾಸದ ಬೆಲೆ.

ಹೆಬ್ಬಾತುಗಳನ್ನಷ್ಟೇ ನೋಡಿ ಹಿಂದಿರುಗುವವರು ವಸಂತದ ನಿಜವಾದ ಸೊಗಸನ್ನು ಕಳೆದುಕೊಳ್ಳುತ್ತಾರೆ. ಚಳಿಗಾಲವಿಡೀ ಮಾಸಲಾಗಿ ಕಂಡ ಹಳದಿ ಸಿಪಿಲೆ (ಯೆಲ್ಲೋ ವ್ಯಾಗ್‌ಟೇಲ್) ಹಕ್ಕಿಯ ಗಂಡು, ಹೊರಡುವ ಮುನ್ನ ಗರಿ ಬದಲಿಸಿ ಎದೆಯಿಂದ ಹೊಟ್ಟೆಯವರೆಗೆ ಅರಿಸಿನದಂತೆ ಹೊಳೆಯತೊಡಗುತ್ತದೆ. ಕೆಸರಿನ ಅಂಚಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಈ ಪುಟ್ಟ ಹಕ್ಕಿಗಳನ್ನು ಒಂದೊಂದಾಗಿ ನೋಡಿದರೆ ಈ ಬದಲಾವಣೆಯ ಎಲ್ಲ ಹಂತಗಳೂ ಒಂದೇ ಬೆಳಿಗ್ಗೆ ಕಾಣುತ್ತವೆ.

ಸೂರ್ಯ ಬೆನ್ನಿಗಿರುವಂತೆ ನಡೆಯಿರಿ, ಮಾಸಲು ಬಣ್ಣದ ಬಟ್ಟೆ ಧರಿಸಿರಿ. 8×42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮಸೂರದ) ದುರ್ಬೀನು ಸಾಕು. ಹೆಬ್ಬಾತುಗಳು ತಲೆಯೆತ್ತಿ ಕತ್ತು ನೀಳ ಮಾಡಿದರೆ ಅಲ್ಲೇ ನಿಲ್ಲಿರಿ: ಇನ್ನೆರಡು ಹೆಜ್ಜೆ ಇಟ್ಟರೆ ಹಿಂಡು ಹಾರುತ್ತದೆ, ಮುಂದಿನ ಸಾವಿರಾರು ಕಿಲೋಮೀಟರ್ ಪಯಣಕ್ಕೆ ಕೂಡಿಟ್ಟ ಕೊಬ್ಬು ವ್ಯರ್ಥವಾಗಿ ಕರಗುತ್ತದೆ.