ಮಾಹಿತಿ ತಂತ್ರಜ್ಞಾನ ಬದಲಾಗುತ್ತಿರುವುದು ತೀರಾ ವೇಗವಾಗಿಯೋ, ತೀರಾ ನಿಧಾನವಾಗಿಯೋ?

ಎರಡೂ ಹೌದು. ಒಬ್ಬರೇ ನಿರ್ಧರಿಸಿ ಬದಲಿಸಬಹುದಾದದ್ದು ಓಡುತ್ತದೆ. ಎಲ್ಲರೂ ಒಟ್ಟಿಗೆ ಬದಲಿಸಬೇಕಾದದ್ದು ತೆವಳುತ್ತದೆ. ನನ್ನ ತಕರಾರು ಇರುವುದು ಈ ಎರಡನೆಯದರ ಬಗ್ಗೆ.

ಫೋನಿನ ಆ್ಯಪ್ ರಾತ್ರೋರಾತ್ರಿ ರೂಪ ಬದಲಿಸುತ್ತದೆ, ಯಾರನ್ನೂ ಕೇಳಬೇಕಿಲ್ಲ. ಅದರ ಕೆಳಗಿರುವ ಇಂಟರ್ನೆಟ್ ವಿಳಾಸ ಪದ್ಧತಿಯನ್ನು ನೋಡಿ. ಮನೆಗೆ ಡೋರ್ ನಂಬರ್ ಇದ್ದ ಹಾಗೆ, ಇಂಟರ್ನೆಟ್ಟಿಗೆ ಸೇರುವ ಯಂತ್ರಕ್ಕೂ ಒಂದು ಸಂಖ್ಯೆ ಬೇಕು. 1981ರಲ್ಲಿ ಗೊತ್ತುಮಾಡಿದ ಐಪಿವಿ4 ಪದ್ಧತಿಯಲ್ಲಿ ಸುಮಾರು 430 ಕೋಟಿ ವಿಳಾಸಗಳಷ್ಟೇ ಸಾಧ್ಯ. ಇದು ಸಾಲದೆಂದು 1998ರಲ್ಲೇ ಐಪಿವಿ6 ಸಿದ್ಧವಾಯಿತು. 2011ರ ಫೆಬ್ರವರಿಯಲ್ಲಿ ಹಳೆಯ ವಿಳಾಸಗಳ ಜಾಗತಿಕ ದಾಸ್ತಾನು ಖಾಲಿಯೂ ಆಯಿತು. ಆದರೂ ಹಳೆಯದು ಇನ್ನೂ ಓಡುತ್ತಲೇ ಇದೆ.

ಕಾರಣ ಸೋಮಾರಿತನವಲ್ಲ. ಈ ಎರಡು ಪದ್ಧತಿಗಳು ನೇರವಾಗಿ ಮಾತಾಡಿಕೊಳ್ಳುವುದಿಲ್ಲ. ಹಾಗಾಗಿ ಮೊದಲು ಬದಲಾದವರಿಗೆ ಬರೀ ಖರ್ಚು. ಉಳಿದವರು ಬರುವ ತನಕ ಹಳೆಯದನ್ನೂ ಸಾಕಬೇಕು. ಜೊತೆಗೆ ನ್ಯಾಟ್ ಎಂಬ ಉಪಾಯವೊಂದು ಸಿಕ್ಕಿತು. ವಠಾರದವರೆಲ್ಲ ಒಂದೇ ಡೋರ್ ನಂಬರಿಗೆ ಕಾಗದ ತರಿಸಿಕೊಂಡಂತೆ, ಮನೆಯ ಹತ್ತು ಸಾಧನಗಳು ರೂಟರಿನ ಒಂದೇ ವಿಳಾಸದಲ್ಲಿ ಕೆಲಸ ಸಾಗಿಸುತ್ತವೆ. ಅಲ್ಲಿಗೆ ಅವಸರವೇ ಹೋಯಿತು!

ಭಾರತದ ಕಥೆ ಸ್ವಲ್ಪ ಬೇರೆ. 2016ರಲ್ಲಿ ಸೇವೆ ಶುರುಮಾಡಿದ ಜಿಯೋ ತನ್ನ 4ಜಿ ಜಾಲಕ್ಕೆ ಮೊದಲಿನಿಂದಲೇ ಐಪಿವಿ6 ಬಳಸಿತು. ಕಿತ್ತುಹಾಕಬೇಕಾದ ಹಳೆಯ ಮೊಬೈಲ್ ಜಾಲ ಅದಕ್ಕೆ ಇರಲಿಲ್ಲ. ಐಪಿವಿ6 ಬಳಕೆಯಲ್ಲಿ ನಾವು ಮುಂಚೂಣಿಯಲ್ಲಿರಲು ಇದೂ ಒಂದು ಕಾರಣ.